ಲೇಡೀಸ್ ಗೇಟಿನ ಮಂದಾಕಿನಿ

ಅಂಕೋಲೆಯ ಹಳೇ ಟಾಕೀಸಿನಲ್ಲಿ ಲೇಡೀಸ್ ಗೇಟು ಎಂದರೆ ಮಂದಾಕಿನಿ. ಆಟ ಶುರುವಾಗುವ ಮೂರನೇ ಗಂಟೆ ಹೊಡೆಯಿತೋ, ಗೇಟು ಎಳೆದಳೆಂದೇ ಲೆಕ್ಕ. ಗಂಡಸೊಬ್ಬ ಆ ಕಡೆಯಿಂದ ನುಸುಳಲು ನೋಡಿದರೆ ಮುಗಿಯಿತು ಅವನ ಕತೆ. ಮಾಲೀಕರ ಅಳಿಯನನ್ನೇ ಬೈದು ಹಿಂದಕ್ಕೆ ಅಟ್ಟಿದವಳು. ಗಂಟೆ ಹೊಡೆಯುತ್ತಿದ್ದ ಆಪರೇಟರು ಅವಳ ಗಂಡ ಮಂಗೇಶ. ಮೇಲಿನ ಕಿಂಡಿಯಿಂದ ಇದನ್ನೆಲ್ಲ ನೋಡಿ ನಗುತ್ತಿದ್ದ.

ಟಾಕೀಸು ಮುಚ್ಚಿ ಎಷ್ಟೋ ವರ್ಷವಾಯಿತು. ಈಗ ಮಂದಾಕಿನಿಗೆ ಮರೆವಿನ ಕಾಯಿಲೆ. ಉಂಡದ್ದು ನೆನಪಿಲ್ಲ, ಹೆತ್ತ ಮಗಳ ಹೆಸರು ನೆನಪಿಲ್ಲ. ಗಂಡನ ಗುರುತೊಂದು ಹೇಗೋ ಉಳಿದಿತ್ತು. ಆದರೆ ಸಂಜೆಯಾದರೆ ಸಾಕು, ಸೆರಗು ಸಿಕ್ಕಿಸಿಕೊಂಡು, ಲಾರಿಗಳು ಹರಿದಾಡುವ ಹೆದ್ದಾರಿ ದಾಟಿ ಟಾಕೀಸಿಗೆ ಹೊರಟೇಬಿಡುವಳು! ಮಂಗೇಶ ಹಿಂದೆಯೇ ಓಡುತ್ತಿದ್ದ. ತುಕ್ಕು ಹಿಡಿದ ಗೇಟಿನ ಬಳಿ ಅವಳನ್ನು ನಿಲ್ಲಿಸಿ, ಒಳಗೆ ಹೋಗಿ ಮೂರು ಸಲ ಗಂಟೆ ಹೊಡೆಯುತ್ತಿದ್ದ. ಅವಳು ಗೇಟು ಎಳೆದು, "ಆಯ್ತು, ನಡೀರಿ ಮನೆಗೆ" ಎನ್ನುವಳು. ಗಂಟೆ ಕೇಳದೆ ಕದಲುವ ಪೈಕಿಯವಳಲ್ಲ.

ಈಚೆಗೊಂದು ದಿನ ಮಾಲೀಕರ ಮಗ ಪ್ರದೀಪ ಕರೆದು, "ಮಂಗೇಶಣ್ಣಾ, ನಾಳೆ ಜೆಸಿಬಿ ಬತ್ತದೆ, ಎಲ್ಲಾ ಕೆಡಗ್ತಾರೆ. ನಿಂಗೆ ಎಂತಾರೂ ಬೇಕಾ?" ಎಂದ. ಮಂಗೇಶನಿಗೆ ಮಂದಾಕಿನಿಯದೇ ಯೋಚನೆ. ಗೇಟೇ ಇಲ್ಲದ ಮೇಲೆ ಇವಳು ಹೆದ್ದಾರಿಯಲ್ಲಿ ಎಲ್ಲೆಲ್ಲಿ ಅಲೆದಾಳು, ಯಾವ ಲಾರಿಗೆ ಸಿಕ್ಕಾಳು?

"ಆ ಗಂಟೆ ಒಂದು ಕೊಡೋ ಮಾರಾಯಾ" ಎಂದ.

ಮನೆಯ ಜಗಲಿಯಲ್ಲಿ ಅದನ್ನು ತೂಗುಹಾಕಿದ. ಮರುದಿನ ಸಂಜೆ ಅವಳು ಹೊಸ್ತಿಲು ದಾಟುವ ಮೊದಲೇ ಹೊಡೆದ. ಒಂದು, ಎರಡು, ಮೂರು. ಮಂದಾಕಿನಿ ಗಕ್ಕನೆ ನಿಂತಳು. ಮುಖ ಅರಳಿತು. ಬಾಗಿಲಿಗೆ ಕೈ ಕೊಟ್ಟು ನೆಟ್ಟಗೆ ನಿಂತಳು. ರಸ್ತೆಯ ಕಡೆ ಕಣ್ಣು ಕೂಡ ಹಾಯಿಸಲಿಲ್ಲ. ಅಬ್ಬಾ, ಉಳಿದೆ ಎಂದುಕೊಂಡ ಮಂಗೇಶ ಕಣ್ಣೊರೆಸುತ್ತ ಒಳಗೆ ಕಾಲಿಟ್ಟ.

ಅವಳ ತೋಳು ಅಡ್ಡ ಬಂತು.

"ಹೋಯ್, ಎಲ್ಲಿಗೆ? ಇದು ಲೇಡೀಸ್ ಗೇಟು. ಗಂಡಸ್ರದ್ದು ಆ ಬದಿ."

"ನಾನೇ, ಮಂದಾ. ಮಂಗೇಶ."

"ಯಾರಾದ್ರೆ ಎಂತ? ಮಾಲೀಕ್ರ ಅಳಿಯನ್ನೇ ಬಿಟ್ಟವಳಲ್ಲ ನಾ. ನಡಿ, ನಡಿ!"

ಅವನಿಗೆ ನಗು ಬಂತು, ಅದರ ಬೆನ್ನಿಗೇ ಅಳು. ಅವಳ ಕಣ್ಣಲ್ಲಿ ಗುರುತಿನ ಸುಳಿವೇ ಇರಲಿಲ್ಲ. ವಾದಿಸಿದರೆ ಎಲ್ಲಿ ಮತ್ತೆ ರಸ್ತೆಗಿಳಿಯುತ್ತಾಳೋ ಎಂದು ಹೆದರಿ ಅಂಗಳಕ್ಕೆ ಇಳಿದ.

ಅವಳು ಈಗ ಹೆದ್ದಾರಿಯ ಕಡೆ ಹೋಗುವುದೇ ಇಲ್ಲ. ದಿನಾ ಸಂಜೆ ಗಂಟೆ ಹೊಡೆದ ಮೇಲೆ ಮಂಗೇಶ ಅಂಗಳ ಸುತ್ತಿಕೊಂಡು, ಹಿತ್ತಲ ಬಾಗಿಲಿನಿಂದ ತನ್ನ ಮನೆಗೆ ಹೋಗುತ್ತಾನೆ.