ಪಕ್ಕದ ಮನೆಯವರ ಕ್ರಾಕೋವ್

ನಾವು ಬಂದು ನೆಲೆಸಿದ ಪರದೇಶದ ಊರು ಫ್ಲವರ್ ಮೌಂಡ್‌ನಲ್ಲಿ ನಮ್ಮ ಪಕ್ಕದ ಮನೆಯವರು ಪೋಲೆಂಡಿನವರು ಎಂದು ಎಷ್ಟೋ ವರ್ಷ ನನಗೆ ಗೊತ್ತೇ ಇರಲಿಲ್ಲ. ಎಪ್ಪತ್ತು ದಾಟಿದ ಹೆಂಗಸು, ಶಾಲೆಯಲ್ಲಿ ಸಂಗೀತ ಕಲಿಸಿ ನಿವೃತ್ತರಾದವರು, ಒಬ್ಬರೇ ಇದ್ದರು. ಲಾಸ್ ಕೊಲಿನಾಸ್‌ನ ಆಫೀಸಿಗೆ ನಾನು ಕಾರು ಹೊರತೆಗೆಯುವಾಗ ಕೈ ಬೀಸುತ್ತಿದ್ದರು. ಪರಿಚಯ ಅಷ್ಟೇ.

ಒಂದು ಚಳಿಗಾಲ ಹಿಮ ಬಿದ್ದು ಊರಿಗೆ ಊರೇ ಕರೆಂಟಿಲ್ಲದೆ ಕೂತಿತು. ಆಗ ಅವ್ವ ಧಾರವಾಡದಿಂದ ಬಂದು ನಮ್ಮ ಜೊತೆಗಿದ್ದಳು. ಬೆಳಿಗ್ಗೆ ಕಿಟಕಿಯಿಂದ ನೋಡಿ, "ಆ ಬಾಯಾರು ಮನ್ಯಾಗ ಕೋಟು ಹಾಕ್ಕೊಂಡು ಅಡ್ಡಾಡ್ಲಿಕ್ಕತ್ತಾರ. ಹೋಗಿ ಕರಕೊಂಡು ಬಾ," ಎಂದಳು.

ಅವರ ಮನೆಯಲ್ಲಿ ಒಲೆಯೂ ಕರೆಂಟಿನದು. ನಮ್ಮಲ್ಲಿ ಗ್ಯಾಸ್ ಇತ್ತು, ಕಟ್ಟಿಗೆ ಉರಿಸುವ ಫೈರ್‌ಪ್ಲೇಸ್ ಇತ್ತು. ನಾನು ಕರೆದಾಗ ಅವರು ಸಂಕೋಚದಿಂದ ಬೇಡವೆಂದರು. ಅವ್ವ ಸೀರೆಯ ಮೇಲೆ ನನ್ನ ಜಾಕೆಟ್ ಏರಿಸಿಕೊಂಡು ತಾನೇ ಹೋಗಿ ಅವರ ಕೈ ಹಿಡಿದು ಕರೆತಂದಳು.

ಬೆಂಕಿಯ ಮುಂದೆ ಚಹಾ ಕುಡಿಯುತ್ತ ಅವ್ವ ಊರು ಯಾವುದೆಂದು ಕೇಳಿಸಿದಳು. ದುಭಾಷಿ ನಾನೇ.

"ಕ್ರಾಕೋವ್," ಎಂದರು ಅವರು. "ರಾಜರಿದ್ದ ಊರು. ನದಿಯ ದಂಡೆಯಲ್ಲಿ ಗುಡ್ಡ, ಗುಡ್ಡದ ಮೇಲೆ ಅರಮನೆ, ಕೆಳಗೊಂದು ಗುಹೆ."

ಆ ಗುಹೆಯಲ್ಲಿ ಹಿಂದೆ ಬೆಂಕಿ ಉಗುಳುವ ಡ್ರ್ಯಾಗನ್ ಇತ್ತಂತೆ. ಬೂಟು ಹೊಲಿಯುವ ತರುಣನೊಬ್ಬ ಕುರಿಯ ಚರ್ಮದೊಳಗೆ ಗಂಧಕ ತುಂಬಿ ಅದರ ಮುಂದಿಟ್ಟ. ನುಂಗಿದ ಡ್ರ್ಯಾಗನ್ ಹೊಟ್ಟೆಯುರಿ ತಾಳಲಾರದೆ ನದಿಯ ನೀರು ಕುಡಿದೂ ಕುಡಿದೂ ಒಡೆದು ಸತ್ತಿತು. ಅದರ ಮೂಳೆಗಳೆಂದು ಹೇಳುವ ಯಾವುದೋ ಪುರಾತನ ಪ್ರಾಣಿಯ ಮೂಳೆಗಳು ಇಂದಿಗೂ ಅಲ್ಲಿನ ಚರ್ಚಿನ ಬಾಗಿಲಲ್ಲಿ ಸರಪಳಿಯಿಂದ ತೂಗುತ್ತಿವೆ. ಅವು ಬಿದ್ದ ದಿನ ಪ್ರಳಯವಂತೆ.

"ಸರಪಳಿ ಗಟ್ಟಿ ಅದನೋ ಇಲ್ಲೋ ಕೇಳು," ಎಂದಳು ಅವ್ವ. ಅವರು ಬಿದ್ದು ಬಿದ್ದು ನಕ್ಕರು.

ಭೂಮಿಯೇ ಸೂರ್ಯನನ್ನು ಸುತ್ತುತ್ತದೆ ಎಂದ ಖಗೋಳಜ್ಞ ತರುಣನಾಗಿದ್ದಾಗ ಓದಿದ್ದು ಅಲ್ಲೇ ಎಂದು ಅವರು ಹೇಳಿದಾಗ, ಕಂಬಳಿ ಹೊದ್ದು ಕೂತಿದ್ದ ನನ್ನ ಮಗಳು ತಲೆ ಹೊರಗೆ ಹಾಕಿ "ನೋ ವೇ!" ಎಂದಳು.

ಆಮೇಲೆ ಅವರು ಒಂದು ರಾಗ ಗುನುಗಿದರು. ಏರುತ್ತಿದ್ದ ದನಿ ಇದ್ದಕ್ಕಿದ್ದಂತೆ ನಿಂತಿತು.

"ಮುಂದ?" ಎಂದಳು ಅವ್ವ.

ಮುಂದಿಲ್ಲ ಎಂದರು ಅವರು. ಹಿಂದೊಮ್ಮೆ ಶತ್ರುಗಳು ಬರುವುದನ್ನು ಕಂಡ ಕಾವಲುಗಾರ ಚರ್ಚಿನ ಗೋಪುರದಿಂದ ಕಹಳೆ ಊದಿದ. ಬಾಣವೊಂದು ಅವನ ಗಂಟಲಿಗೆ ನಾಟಿತು. ಅದಕ್ಕೇ ಅಲ್ಲಿ ಗಂಟೆಗೊಮ್ಮೆ ನಾಲ್ಕು ದಿಕ್ಕಿಗೂ ಆ ರಾಗ ಊದುತ್ತಾರೆ, ಅದೇ ಸ್ವರದಲ್ಲಿ ನಿಲ್ಲಿಸುತ್ತಾರೆ. ಅವ್ವ ಬೆಂಕಿಗೆ ಇನ್ನೊಂದು ಕಟ್ಟಿಗೆ ಒಟ್ಟಿದಳು.

"ಊರಿಗೆ ಕಡೀಗೆ ಯಾವಾಗ ಹೋಗಿದ್ರು ಕೇಳು."

ನನಗೆ ಮುಜುಗರವಾಯಿತು, ಆದರೂ ಕೇಳಿದೆ.

"ಹೋಗೇ ಇಲ್ಲ," ಎಂದರು. ಬಿಟ್ಟು ಬಂದ ಕಾಲದಲ್ಲಿ ಅಲ್ಲಿ ಕಮ್ಯುನಿಸ್ಟ್ ಆಳ್ವಿಕೆಯಿತ್ತು, ವಾಪಸ್ ಹೋಗುವುದು ಸುಲಭವಿರಲಿಲ್ಲ. ಸುಲಭವಾಗುವಷ್ಟರಲ್ಲಿ ಅಪ್ಪ ಅಮ್ಮ ಇರಲಿಲ್ಲ. "ಈಗ ಅಲ್ಲಿ ನನ್ನ ಗುರುತು ಯಾರಿಗಿದೆ?"

"ಅವ್ರಿಗೆ ಗುರುತಿಲ್ಲಂದ್ರ ಬಿಡು," ಎಂದಳು ಅವ್ವ. "ಇವ್ರಿಗೆ ಊರಿನ ಗುರುತು ಅದ ಅಲ್ಲ?"

ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಅವರು ಇನ್ನಷ್ಟು ಚಹಾ ಬೇಕೆಂದು ಕಪ್ಪು ಮುಂದೆ ಮಾಡಿದರು.

ಕರೆಂಟ್ ಬಂತು. ಅವ್ವ ಧಾರವಾಡಕ್ಕೆ ಮರಳಿದಳು. ಮರುವರ್ಷ ಬೇಸಿಗೆ ಶುರುವಾಗುವ ಹೊತ್ತಿಗೆ ಪಕ್ಕದ ಮನೆಯವರು ನಮ್ಮ ಬೆಲ್ ಒತ್ತಿ, ಗಿಡಗಳಿಗೆ ನೀರು ಹಾಕಲು ಆದೀತೇ ಎಂದು ಕೇಳಿದರು. ಕ್ರಾಕೋವ್‌ಗೆ ಟಿಕೆಟ್ ಮಾಡಿಸಿದ್ದರು. ಏರ್‌ಪೋರ್ಟಿಗೆ ನಾನೇ ಡ್ರೈವ್ ಮಾಡಿದೆ. ದಾರಿಯುದ್ದಕ್ಕೂ ಅವರು ಕೈಚೀಲದ ಜಿಪ್ ಎಳೆಯುತ್ತ, ಬಿಚ್ಚುತ್ತ ಕೂತಿದ್ದರು.

ಬಂದ ಮೇಲೆ ಹಿತ್ತಿಲಲ್ಲಿ ಕೂತು ಹೇಳಿದರು. ಅವರು ಹುಟ್ಟಿದ ಮನೆಯ ಕೆಳಗೆ ಈಗ ಕಾಫಿ ಅಂಗಡಿಯಿದೆ. ಅವರು ಪೋಲಿಷ್‌ನಲ್ಲಿ ಕಾಫಿ ಕೇಳಿದರೆ ಕೌಂಟರಿನ ಹುಡುಗಿ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟಳಂತೆ.

"ಅಳು ಬಂತೇ?"

"ಬಂತು. ಆಮೇಲೆ ಕಾಫಿ ಕುಡಿದೆ. ಚೆನ್ನಾಗಿತ್ತು."

ಮತ್ತೆ ಅಂದರು: "ನಾನಿದ್ದಾಗ ಕಾರ್ಖಾನೆಗಳ ಮಸಿ ಕೂತು ಊರಿನ ಗೋಡೆಗಳೆಲ್ಲ ಕಪ್ಪಾಗಿದ್ದವು. ಕಲ್ಲಿನ ಬಣ್ಣವೇ ಅದು ಅಂದುಕೊಂಡಿದ್ದೆ. ಈಗ ತೊಳೆದಿದ್ದಾರೆ. ನನ್ನ ಊರು ಬಿಳಿ ಅಂತ ಈ ವಯಸ್ಸಿಗೆ ಗೊತ್ತಾಯಿತು."

ಅದನ್ನು ಹೇಳುವಾಗ ಅವರ ಮುಖದಲ್ಲಿ ದುಃಖವಿರಲಿಲ್ಲ. ಮೋಸ ಹೋಗಿ ಖುಷಿಪಟ್ಟವರ ಹಾಗಿತ್ತು.

"ನಿನ್ನ ಊರಲ್ಲಿ ಏನಿದೆ? ನೀನು ಹೇಳೇ ಇಲ್ಲ," ಎಂದರು.

ಆ ಚಳಿಯಲ್ಲಿ ಅವರ ಊರನ್ನು ಇಡೀ ದಿನ ಅನುವಾದ ಮಾಡಿದ್ದವಳಿಗೆ ಥಟ್ಟನೆ ಹೊಳೆದದ್ದು ಒಂದೇ. "ಪೇಡೆ," ಎಂದೆ. ಅದೇನೆಂದು ಅವರು ಕೇಳಿದರು. ಹಾಲು, ಸಕ್ಕರೆ ಎಂದು ಶುರುಮಾಡಿದ್ದು ಅಂಗಡಿಯ ಮುಂದಿನ ಸಾಲಿಗೆ ಹೋಯಿತು, ಅಲ್ಲಿಂದ ಸಂಜೆ ಅಪ್ಪನ ಜೊತೆ ಕೆಲಗೇರಿ ಕೆರೆಯ ಏರಿಯ ಮೇಲೆ ನಡೆಯುತ್ತಿದ್ದುದಕ್ಕೆ ಹೋಯಿತು. ಅವರು ಕುರ್ಚಿಯನ್ನು ನನ್ನತ್ತ ತಿರುಗಿಸಿಕೊಂಡು ಕೂತರು.