ನಮ್ಮ ಮನೆಯ ಙ

ಮನೆಯ ಇಪ್ಪತ್ತೆಂಟು ಚಂದ್ರಿಕೆಗಳ ಮೇಲೂ ನಾನು ಸುಣ್ಣದಲ್ಲಿ ಙ ಬರೆದಾಗ ನನಗೆ ಒಂಬತ್ತು ವರ್ಷ. ಅರವತ್ತರ ದಶಕದ ಶುರು, ಶಿಡ್ಲಘಟ್ಟದ ಹತ್ತಿರದ ಹಳ್ಳಿ, ನಾಲ್ಕನೇ ಕ್ಲಾಸು.

ಚಂದ್ರಿಕೆ ಅಂದರೆ ಬಿದಿರಿನ ದೊಡ್ಡ ತಟ್ಟಿ. ರೇಷ್ಮೆಹುಳು ತಿನ್ನುವುದು ಬಿಟ್ಟು ಹಣ್ಣಾದ ದಿನವೇ ಅದರ ಮೇಲೆ ಬಿಡಬೇಕು, ಅಲ್ಲೇ ಅದು ಗೂಡು ಕಟ್ಟುವುದು. ನಮ್ಮೂರಲ್ಲಿ ಚಂದ್ರಿಕೆಗಳು ಎರವಲಾಗಿ ಮನೆಯಿಂದ ಮನೆಗೆ ಓಡಾಡುತ್ತಿದ್ದವು. ಗುರುತಿಗೆ ಯಜಮಾನರ ಹೆಸರಿನ ಮೊದಲ ಅಕ್ಷರ.

ಅಪ್ಪನ ಹೆಸರು ಮುನಿಶಾಮಿ. ಪಕ್ಕದ ಮನೆ ಮುನಿಯಪ್ಪ, ಎದುರಿಗೆ ಮುನಿವೆಂಕಟಪ್ಪ, ಹಿಂದಿನ ಬೀದಿಯಲ್ಲಿ ಮುನಿರಾಜು, ಮೂಲೆಯಲ್ಲಿ ಮುನಿರತ್ನಮ್ಮ.

ಎಲ್ಲರ ಚಂದ್ರಿಕೆಯ ಮೇಲೂ ‘ಮು’. ಇದರಲ್ಲಿ ಏನೋ ತಪ್ಪಿದೆ ಅಂತ ಯಾರಿಗೂ ಅನ್ನಿಸಿರಲಿಲ್ಲ.

ಆ ಸಲ ಹುಳು ಹಣ್ಣಾದ ದಿನ ನಮ್ಮ ಮನೆಯಲ್ಲಿ ಉಳಿದಿದ್ದು ಒಂಬತ್ತು. ಮಿಕ್ಕವು ಯಾವ ಮುನಿಯ ಮನೆಯಲ್ಲಿದ್ದವೋ... ಅರ್ಧ ಬೆಳೆ ಹಿಪ್ಪುನೇರಳೆ ಸೊಪ್ಪಿನ ಕಸದಲ್ಲೇ ಗೂಡು ಕಟ್ಟಿ ಹಾಳಾಯಿತು.

"ಇನ್ನೊಂದು ಸಲ ಹಿಂಗಾದ್ರೆ ಸೊಪ್ಪು ಕುಯ್ಯೋಕೆ ಆಳು ಇಡಕ್ಕಾಗಲ್ಲ. ನೀನೇ ಸ್ಕೂಲು ಬಿಡಬೇಕಾಗ್ತದಮ್ಮ," ಅಂದರು ಅಪ್ಪ. ಬೈಯಲಿಲ್ಲ, ಅದಕ್ಕೇ ನನಗೆ ಹೆಚ್ಚು ಭಯವಾಯಿತು.

ನಮ್ಮ ಪುಸ್ತಕದಲ್ಲಿ ಹೆಚ್ಚಿನ ಅಕ್ಷರಗಳಿಗೆ ಒಂದೊಂದು ಚಿತ್ರವಿತ್ತು. ಙ ಪಕ್ಕ ಬರೀ ಖಾಲಿ ಜಾಗ. "ಅದ್ರಿಂದ ಯಾವ ಪದಾನೂ ಶುರುವಾಗಲ್ಲ, ಬಿಟ್ಟು ಮುಂದಕ್ಕೋಗಿ," ಅನ್ನುತ್ತಿದ್ದರು ಮೇಷ್ಟ್ರು.

ಪದವೇ ಇಲ್ಲ ಅಂದ ಮೇಲೆ ಆ ಅಕ್ಷರದ ಯಜಮಾನರೂ ಇರಲಾರರು. ಅಪ್ಪ ಮನೆಮನೆ ಅಲೆದು ಚಂದ್ರಿಕೆಗಳನ್ನು ವಾಪಸು ತಂದ ಮೇಲೆ ‘ಮು’ ಅಳಿಸಿ ಙ ಬರೆದೆ.

ಮುನಿವೆಂಕಟಪ್ಪ ಬರುತ್ತಾರೆ, ನೋಡುತ್ತಾರೆ. "ಇದೇನಮ್ಮ?"

"ಇದಕ್ಕೆ ಅರ್ಥ ಇಲ್ಲ," ಅನ್ನುತ್ತೇನೆ. ನಿಜವನ್ನೇ ಹೇಳಿದ್ದು.

ಅವರು ಅದನ್ನು ಯಾರಿಗೂ ಹೇಳಬಾರದ ಯಂತ್ರ ಅಂದುಕೊಂಡರು. ಜೊತೆಗೆ ಬಂದಿದ್ದ ಅವರ ತಾಯಿ ಚಂದ್ರಿಕೆಗೆ ದೂರದಿಂದಲೇ ಕೈಮುಗಿದು, "ಮುಟ್ಟೊದ್ದು ರಾ," ಮುಟ್ಟಬೇಡ ಕಣೋ ಅಂತ ತೆಲುಗಿನಲ್ಲಿ ಗದರಿ ಮಗನನ್ನು ಎಳೆದುಕೊಂಡು ಹೋದರು.

ಮುಂದಿನ ಬೆಳೆಗೆ ಇಪ್ಪತ್ತೆಂಟೂ ಮನೆಯಲ್ಲೇ ಇದ್ದವು. ಗೂಡು ಚೆನ್ನಾಗಿ ಬಂತು. ಅದೇ ತೊಂದರೆಯಾಯಿತು.

ನಾಲ್ಕು ಮನೆಯವರೂ ಸುಣ್ಣದ ಡಬ್ಬ ಹಿಡಿದುಕೊಂಡು ಬಂದರು. ಅವರಿಗೂ ಅದೇ ಬೇಕಂತೆ. ಎಲ್ಲರಿಗೂ ಙ ಬರೆದರೆ ಮತ್ತೆ ಬೆರಕೆ, ನನ್ನ ಸ್ಕೂಲಿನ ಕಥೆ ಅಲ್ಲಿಗೆ ಮುಗೀತು.

ಒಂದು ಮನೆಗೆ ಒಂದೇ, ಬೇರೆ ಬೇರೆ ಅಂದೆ. ಮುನಿಯಪ್ಪನವರಿಗೆ ಞ, ಮುನಿವೆಂಕಟಪ್ಪನವರಿಗೆ ಣ, ಮುನಿರಾಜುಗೆ ಳ. ಇವುಗಳಿಂದಲೂ ನಮ್ಮ ಪದ ಯಾವುದೂ ಶುರುವಾಗುವುದಿಲ್ಲ, ಬೇಕಾದರೆ ಯೋಚಿಸಿ ನೋಡಿ.

ಮುನಿರತ್ನಮ್ಮನವರ ಹೊತ್ತಿಗೆ ಸ್ಟಾಕ್ ಖಾಲಿ. ಅವರಿಗೆ ಅಃ ಕೊಟ್ಟೆ. ಬಹಳ ಸಂತೋಷಪಟ್ಟರು.

ಅಷ್ಟರಲ್ಲಿ ಊರಿನ ಇನ್ನೊಂದು ತುದಿಯ ಮುನಿಗಳಿಗೂ ಸುದ್ದಿ ಮುಟ್ಟಿತ್ತು. ಅಪ್ಪ ನನ್ನ ಪಕ್ಕ ಕೂತು ಕೇಳಿದರು, "ಇನ್ನೂ ಎಷ್ಟವಮ್ಮ ಇಂಥವು?"

"ಕನ್ನಡದ್ದು ಮುಗೀತಪ್ಪ. ಇಂಗ್ಲಿಷಿಂದು ಇಪ್ಪತ್ತಾರು ಅವೆಯಂತೆ. ಅದು ಶಿಡ್ಲಘಟ್ಟದ ಮಿಡ್ಲ್ ಸ್ಕೂಲಲ್ಲೇ ಹೇಳ್ಕೊಡೋದು."

ಅಪ್ಪ ಬೆರಳು ಮಡಿಸಿ ಊರಿನ ಮುನಿಗಳನ್ನೆಲ್ಲ ಎಣಿಸಿದರು. ಜೂನ್‌ನಲ್ಲಿ ನನ್ನನ್ನು ಸೇರಿಸಿ ಬಂದರು.

ಆಮೇಲೆ ನಾನೂ ಟೀಚರ್ ಆದೆ. ಮೂವತ್ತು ವರ್ಷ ಒಂದನೇ ಕ್ಲಾಸಿಗೆ ಪಾಠ ಮಾಡಿದೆ...

ಙ ಬಿಟ್ಟು ಮುಂದಕ್ಕೆ ಹೋಗಿ ಅಂತ ಒಂದು ಮಗುವಿಗೂ ಹೇಳಲಿಲ್ಲ.