ನಾಲ್ಕೇ ವ್ಯಾಯಾಮಗಳ ಮೇಷ್ಟ್ರು

ದೈಹಿಕ ಶಿಕ್ಷಣವೆಂದರೆ ಸೀಟಿ ಊದುವುದು, ಕ್ರೀಡಾಕೂಟದ ದಿನ ಬಿಳಿ ಟೋಪಿ ಹಾಕಿಕೊಂಡು ಮೈದಾನದ ತುಂಬ ಓಡಾಡುವುದು ಎಂದು ಉಳಿದ ಅಧ್ಯಾಪಕರೆಲ್ಲ ನಿಶ್ಚಿಂತೆಯಿಂದ ನಂಬಿಕೊಂಡಿದ್ದ ಕಾಲದಲ್ಲಿ, ಭಾರ ಎತ್ತುವುದೂ ಒಂದು ವಿದ್ಯೆ, ಅದಕ್ಕೂ ಗುರುವಿದ್ದಾನೆ, ಶಿಸ್ತಿದೆ, ಪಠ್ಯಕ್ರಮವಿದೆ ಎಂದು ನಮ್ಮ ಕಾಲೇಜಿಗೆ ತೋರಿಸಿಕೊಟ್ಟವರು ಈ ಅಭಿನಂದನ ಸಂಪುಟದ ಗೌರವಕ್ಕೆ ಪಾತ್ರರಾಗಿರುವ ದೈಹಿಕ ಶಿಕ್ಷಣ ನಿರ್ದೇಶಕರು. ವಿದ್ಯಾರ್ಥಿಗಳ ಬಾಯಲ್ಲಿ ಅವರು ಕಬ್ಬಿಣದ ಮೇಷ್ಟ್ರು. ಅವರ ಕೈಯಲ್ಲಿ ಪಳಗಿದವರಲ್ಲಿ ಪದಕ ಗೆದ್ದವರಿದ್ದಾರೆ, ಸೈನ್ಯ ಸೇರಿದವರಿದ್ದಾರೆ, ಅಗ್ನಿಶಾಮಕ ದಳದಲ್ಲಿ ಹೆಸರು ಮಾಡಿದವರಿದ್ದಾರೆ. ಇಲ್ಲಿ ಹೇಳಹೊರಟಿರುವುದು ಮಾತ್ರ ಅವರಾರ ಕಥೆಯೂ ಅಲ್ಲ. ಐವತ್ತು ದಾಟುವವರೆಗೆ ದಪ್ಪ ನಿಘಂಟಿಗಿಂತ ಭಾರವಾದದ್ದನ್ನು ಮುಟ್ಟಿಯೂ ನೋಡದಿದ್ದ ನಮ್ಮ ಗ್ರಂಥಪಾಲಕಿಯ ಕಥೆ. ಓದುವವರಿಗೆ ಆಘಾತವಾದರೆ ಆಗಲಿ, ನಮಗೂ ಆಗಿದೆ.

ಮೇಷ್ಟ್ರು ಕೆಲಸಕ್ಕೆ ಸೇರಿದಾಗ ಅವರಿಗೆ ಸಿಕ್ಕಿದ್ದು ಗ್ರಂಥಾಲಯದ ಕೆಳಗಿನ ಕೋಣೆ. ಮುರಿದ ಬೆಂಚುಗಳನ್ನು ಹಾಕಿಡುತ್ತಿದ್ದ ಆ ಕೋಣೆಯನ್ನು ಅವರೇ ಗುಡಿಸಿ, ಗುಜರಿಯಿಂದ ಲಾರಿಯ ಉಕ್ಕಿನ ಸಲಾಕೆಯೊಂದನ್ನು ಹೊತ್ತು ತಂದಾಗ ಅಂದಿನ ಪ್ರಾಂಶುಪಾಲರು ಬಾಗಿಲಲ್ಲೇ ಸ್ತಂಭೀಭೂತರಾಗಿ ನಿಂತರಂತೆ. ಅದೇ ಪ್ರಾಂಶುಪಾಲರಿಗೆ ಮುಂದೆ ಸೊಂಟ ಹಿಡಿದುಕೊಂಡಾಗ, ಯಾರಿಗೂ ಕಾಣದಂತೆ ಹಿಂದಿನ ಬಾಗಿಲಿನಿಂದ ಕರೆದೊಯ್ದು, ಬರೀ ಪೊರಕೆಯ ಕೋಲು ಹಿಡಿಸಿ ಬಗ್ಗುವುದನ್ನು ಕಲಿಸಿದವರೂ ಮೇಷ್ಟ್ರೇ. ಪ್ರಾಂಶುಪಾಲರ ಮರ್ಯಾದೆ ಉಳಿಯಲೆಂದು ಆ ಸಂಗತಿಯನ್ನು ಅವರು ಯಾರಿಗೂ ಹೇಳಲಿಲ್ಲ. ಪ್ರಾಂಶುಪಾಲರೇ ತಮ್ಮ ಬೀಳ್ಕೊಡುಗೆಯ ಭಾಷಣದಲ್ಲಿ ಹೇಳಿ ಸಭೆಯನ್ನು ಬೆಚ್ಚಿಬೀಳಿಸಿದರು.

ಆ ಕೋಣೆಯಿಂದ ದಿನವೂ ಸಂಜೆ ಏಳುತ್ತಿದ್ದ ಧಡ್ ಧಡ್ ಸದ್ದಿಗೆ ಮೇಲಿನ ಗ್ರಂಥಾಲಯದ ಕಪಾಟುಗಳು ನಡುಗುತ್ತಿದ್ದವು. ಹಿಂದಿನ ಗ್ರಂಥಪಾಲಕರು ಸಹಿಸಿಕೊಂಡಿದ್ದರು. ಹೊಸದಾಗಿ ವರ್ಗವಾಗಿ ಬಂದ ಗ್ರಂಥಪಾಲಕಿ ಸಹಿಸಲಿಲ್ಲ. ಒಂದು ಸಂಜೆ ಕನ್ನಡಕ ಸರಿಮಾಡಿಕೊಂಡು, ಹೇಳಬೇಕಾದ ಮಾತನ್ನೆಲ್ಲ ಮನಸ್ಸಿನಲ್ಲೇ ಉರುಹೊಡೆದು, ಜಗಳಕ್ಕೆ ಸಿದ್ಧರಾಗಿಯೇ ಮೆಟ್ಟಿಲಿಳಿದರು.

ಮೇಷ್ಟ್ರು ದೂರನ್ನು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಕೇಳಿದರು: "ಅದೆಲ್ಲ ಸರಿ ಮೇಡಂ. ನಿಮ್ಮ ಸೊಂಟ ಯಾಕೆ ಹೀಗೆ ಒಂದು ಕಡೆ ವಾಲಿದೆ? ಮನೆಯಲ್ಲಿ ಏನನ್ನ ಎತ್ತುತ್ತೀರಾ?"

ಎಷ್ಟೋ ತಿಂಗಳಿಂದ ಗ್ರಂಥಪಾಲಕಿಯನ್ನು ಒಬ್ಬರೂ ಕೇಳದಿದ್ದ ಪ್ರಶ್ನೆ ಅದು. ಜಗಳಕ್ಕೆಂದು ಹೋದವರು ಅಲ್ಲೇ ಬೆಂಚಿನ ಮೇಲೆ ಕುಳಿತು ಮನೆಯ ಸಂಗತಿಯನ್ನೆಲ್ಲ ಹೇಳಿಬಿಟ್ಟರು. ಚಿಕ್ಕಂದಿನಲ್ಲೇ ತಾಯಿಯನ್ನು ಕಳೆದುಕೊಂಡ ಅವರನ್ನೂ ಅವರ ಅಣ್ಣನನ್ನೂ ಸಾಕಿದವರು ದೊಡ್ಡಮ್ಮ. ಆ ದೊಡ್ಡಮ್ಮ ಬಿದ್ದು ತೊಡೆಯ ಮೂಳೆ ಮುರಿದುಕೊಂಡು ಹಾಸಿಗೆ ಹಿಡಿದಿದ್ದರು. ಮೈಕೈ ತುಂಬಿಕೊಂಡ ಹೆಂಗಸು. ಹಗಲು ನರ್ಸ್ ಇರುತ್ತಿದ್ದಳು. ಬೆಳಗ್ಗೆ ಮತ್ತು ಸಂಜೆ ಅವರನ್ನು ಹಾಸಿಗೆಯಿಂದ ಕುರ್ಚಿಗೆ, ಕುರ್ಚಿಯಿಂದ ಹಾಸಿಗೆಗೆ ಸಾಗಿಸಲು ಪಕ್ಕದ ಮನೆಯವರನ್ನು ಕರೆಯಬೇಕಿತ್ತು. "ಎಷ್ಟು ದಿನ ಅಂತ ಅವರು ಬರ್ತಾರೆ? ನಿನ್ನ ಕೈಲಿ ಎತ್ತೋಕಾಗಲ್ಲ. ಆರೈಕೆ ಕೇಂದ್ರಕ್ಕೆ ಸೇರಿಸೋಣ" ಎಂದು ಅಣ್ಣ ಹಟ ಹಿಡಿದಿದ್ದರು. ದೊಡ್ಡಮ್ಮನ ಕಿವಿಗೆ ಆ ಮಾತು ಬಿದ್ದ ದಿನದಿಂದ ಊಟ ಅರ್ಧಕ್ಕರ್ಧ ಇಳಿದಿತ್ತು.

"ಎತ್ತೋಕಾಗಲ್ಲ ಅಂತ ಯಾರು ಹೇಳಿದ್ದು? ನಾಳೆಯಿಂದ ಬನ್ನಿ" ಎಂದರು ಮೇಷ್ಟ್ರು.

ಮರುದಿನ ಹುಡುಗರ ನಡುವೆ ಗ್ರಂಥಪಾಲಕಿ ಬೂಟು ಹಾಕಿಕೊಂಡು ನಿಂತದ್ದನ್ನು ಕಂಡು ಇಡೀ ಅಧ್ಯಾಪಕವರ್ಗ ದಂಗುಬಡಿಯಿತು. ಅವರಿಗಿಂತ ಹೆಚ್ಚು ದಂಗಾದವರು ಗ್ರಂಥಪಾಲಕಿಯೇ. ಕನ್ನಡಿ ಇಲ್ಲ, ಯಂತ್ರಗಳಿಲ್ಲ, ಹಾಡಿಲ್ಲ. ಇದ್ದದ್ದು ನಾಲ್ಕು ವ್ಯಾಯಾಮ. ಬಾರನ್ನು, ಅಂದರೆ ಆ ಉಕ್ಕಿನ ಸಲಾಕೆಯನ್ನು, ಹೆಗಲ ಮೇಲೆ ಹೊತ್ತು ಬಸ್ಕಿ ಹೊಡೆಯುವ ಸ್ಕ್ವಾಟ್, ನೆಲದಿಂದ ಎತ್ತುವ ಡೆಡ್‌ಲಿಫ್ಟ್, ಮಲಗಿ ಎದೆಯಿಂದ ಮೇಲಕ್ಕೆ ತಳ್ಳುವ ಬೆಂಚ್ ಪ್ರೆಸ್, ನಿಂತು ತಲೆಯ ಮೇಲಕ್ಕೆ ಎತ್ತುವ ಪ್ರೆಸ್. ನಿನ್ನೆಯೂ ಇವೇ, ನಾಳೆಯೂ ಇವೇ. ಬದಲಾಗುತ್ತಿದ್ದದ್ದು ರೊಟೀನ್ ಒಂದೇ. ಒಂದಷ್ಟು ವಾರ ಹೆಚ್ಚು ಭಾರ ಹಾಕಿ ಕೆಲವೇ ಸಲ ಎತ್ತಿಸುವುದು, ಅದು ಮೈಗೆ ಹಿಡಿಯಿತು ಎನ್ನುವಾಗಲೇ ಭಾರ ಇಳಿಸಿ ಉಸಿರು ಸಿಕ್ಕಿಹಾಕಿಕೊಳ್ಳುವಷ್ಟು ಸಲ ಎತ್ತಿಸುವುದು, ಮತ್ತೆ ಒಂದು ದಿನ ಹಗುರ ಒಂದು ದಿನ ಭಾರ ಎಂದು ಸರದಿ ಮಾಡುವುದು. ಹೊಸ ರೊಟೀನ್ ಬಂತೆಂದರೆ ಮೇಷ್ಟ್ರು ಕಪ್ಪುಹಲಗೆಯನ್ನು ಒರೆಸಿ, ಯುದ್ಧ ಘೋಷಣೆ ಮಾಡುವ ದೊರೆಯಂತೆ ಎದೆಯುಬ್ಬಿಸಿ ಪ್ರಕಟಿಸುತ್ತಿದ್ದರು. ಹುಡುಗರು ಹಲಗೆ ನೋಡಿ ಅದೇ ನಾಲ್ಕು ಹೆಸರು ಕಂಡು ನಿಟ್ಟುಸಿರುಬಿಡುತ್ತಿದ್ದರು. "ಬೇಜಾರಾದ್ರೆ ಊಟದ ಹೊತ್ತು ಬದಲಾಯಿಸಿ, ಬಾಯಿ ಬದಲಾಯಿಸ್ಬೇಡಿ" ಎನ್ನುವುದು ಮೇಷ್ಟ್ರ ಕಾಯಂ ಉತ್ತರ.

ಪುಸ್ತಕದ ನಡುವೆ ಬಾಳಿದವರಿಗೆ ಇದು ಒಗ್ಗುವುದಾದರೂ ಹೇಗೆ? ಗ್ರಂಥಪಾಲಕಿ ವ್ಯಾಯಾಮದ ಪುಸ್ತಕಗಳನ್ನೆಲ್ಲ ಗುಡ್ಡೆ ಹಾಕಿಕೊಂಡು ಓದಿದರು, ವಾರಕ್ಕೊಂದು ಹೊಸ ಕಸರತ್ತು ಶುರುಮಾಡಿದರು. ಒಂದು ಸಂಜೆ ಒಂಟಿಕಾಲಿನಲ್ಲಿ ನಿಂತು ಎರಡೂ ಕೈಯಲ್ಲಿ ಡಂಬೆಲ್ ಹಿಡಿದು ತೂಗಾಡುತ್ತಿದ್ದಾಗ ಮೇಷ್ಟ್ರು ಬಂದರು.

"ಇದೇನ್ ಮೇಡಂ ಇದು, ಕೊಕ್ಕರೆ ಆಗೋ ಆಸೆನಾ?"

"ಪುಸ್ತಕದಲ್ಲಿದೆ ಸರ್."

"ಪುಸ್ತಕದಲ್ಲಿ ದೊಡ್ಡಮ್ಮ ಇದ್ದಾರಾ?"

ಗ್ರಂಥಪಾಲಕಿ ಕಾಲು ಕೆಳಗಿಟ್ಟರು. ಅಂದಿನಿಂದ ರೊಟೀನ್ ಮೇಷ್ಟ್ರು ಹೇಳಿದಂತೆ ಬದಲಾಯಿತು, ವ್ಯಾಯಾಮ ನಾಲ್ಕನ್ನು ಬಿಟ್ಟು ಕದಲಲಿಲ್ಲ. ತಿಂಗಳುಗಳು ಕಳೆದಂತೆ ಬಾರಿನ ಎರಡೂ ತುದಿಗೆ ಪ್ಲೇಟುಗಳು ಸೇರುತ್ತಾ ಹೋದವು. ಕಡೆಗೊಂದು ಸಂಜೆ ಅವರು ನೆಲದಿಂದ ಎತ್ತಿದ ಭಾರ ಸರಿಯಾಗಿ ದೊಡ್ಡಮ್ಮನ ತೂಕದಷ್ಟಾಯಿತು. ಹುಡುಗರು ಚಪ್ಪಾಳೆ ಹೊಡೆದರು. ಮೇಷ್ಟ್ರು ಸೀಟಿ ಊದಿದರು. ಗ್ರಂಥಪಾಲಕಿ ನಗುತ್ತಲೇ ಮನೆಗೆ ಹೋಗಿ, ಪಕ್ಕದ ಮನೆಯವರನ್ನು ಕರೆಯದೆ, ದೊಡ್ಡಮ್ಮನ ಮುಂದೆ ಕಾಲು ಅಗಲಿಸಿ ನಿಂತರು.

ಕಲಿತದ್ದನ್ನು ಚಾಚೂ ತಪ್ಪದೆ ಮಾಡಿದರು. ಬೆನ್ನು ನೇರ, ತೋಳು ನೀಳ, ಹಿಮ್ಮಡಿ ನೆಲಕ್ಕೆ. ದೊಡ್ಡಮ್ಮನ ಕಂಕುಳಿಗೆ ಕೈಹಾಕಿ ಎಳೆದರು. ಬಾರು ಬಾಗುವುದಿಲ್ಲ, ದೊಡ್ಡಮ್ಮ ಬಾಗಿದರು. ನೆನೆದ ಹಾಸಿಗೆಯ ಹಾಗೆ ಕೈಯಿಂದ ಜಾರಿ, ಎಳೆದವರನ್ನೂ ಸೇರಿಸಿಕೊಂಡು ನೆಲಕ್ಕೆ ಕುಸಿದರು. ಇಬ್ಬರಿಗೂ ಪೆಟ್ಟಾಗಲಿಲ್ಲ. ಆದರೆ ಇಬ್ಬರೂ ಮಂಚಕ್ಕೆ ಒರಗಿ, ಒಬ್ಬರ ಮುಖ ಒಬ್ಬರು ನೋಡುತ್ತ ನೆಲದ ಮೇಲೆ ಕುಳಿತಿದ್ದಾಗಲೇ ಅಣ್ಣ ಒಳಗೆ ಬಂದರು.

ಅವರು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಇಬ್ಬರನ್ನೂ ಮುಟ್ಟಿ ಮುಟ್ಟಿ ನೋಡಿ, ತಂಗಿಗೆ "ಸಾಕು ಕಣಮ್ಮಾ. ತಿಂಗಳ ಕೊನೆಗೆ ಕಾರು ತರ್ತೀನಿ. ಇನ್ನು ಮಾತಾಡ್ಬೇಡ" ಎಂದರು.

ಮರುದಿನ ಈ ಸುದ್ದಿ ಕೇಳಿ ಮೇಷ್ಟ್ರು ಹೌಹಾರಿದರು.

"ಮೇಡಂ, ನೀವು ಮನುಷ್ಯರನ್ನ ಬಾರ್ ಅಂದ್ಕೊಂಡ್ರಾ?"

"ತೂಕ ಅಷ್ಟೇ ತಾನೇ ಸರ್ ಇದ್ದಿದ್ದು?" ಎನ್ನುವಾಗ ಗ್ರಂಥಪಾಲಕಿಯ ಕಣ್ಣು ತುಂಬಿತ್ತು.

ಮೇಷ್ಟ್ರು ಸೀಟಿಯ ದಾರವನ್ನು ಬೆರಳಿಗೆ ಸುತ್ತುತ್ತ ಕುಳಿತರು. "ನನ್ನದೂ ತಪ್ಪಿದೆ. ಜನರನ್ನ ಎತ್ತೋದು ಹೇಗೆ ಅಂತ ನಾನು ಯಾವತ್ತೂ ಯೋಚನೆ ಮಾಡ್ಲಿಲ್ಲ" ಎಂದರು. ಆಮೇಲೆ ಕೇಳಿದರು: "ನೀವು ಎತ್ತುವಾಗ ದೊಡ್ಡಮ್ಮ ಏನ್ ಮಾಡ್ತಿದ್ರು?"

"ಅವರೇನ್ ಮಾಡ್ತಾರೆ? ಸುಮ್ಮನೆ ಇದ್ರು."

"ಸುಮ್ಮನೆ ಇರೋದು ಬಾರಿನ ಕೆಲಸ. ಮೂಳೆ ಕೂಡಿದೆಯಾ ಅಂತ ಡಾಕ್ಟರನ್ನ ಕೇಳಿ. ಕೂಡಿದ್ರೆ ನಾಳೆ ನಾನು ಮನೆಗೆ ಬರ್ತೀನಿ."

ಡಾಕ್ಟರು ಮೂಳೆ ಚೆನ್ನಾಗಿ ಕೂಡಿದೆ, ಏಳುವ ಅಭ್ಯಾಸ ತಪ್ಪಿದೆ ಅಷ್ಟೆ, ಹುಷಾರಾಗಿ ಮಾಡಿಸಿ ಎಂದರು. ಮೇಷ್ಟ್ರು ಇಸ್ತ್ರಿ ಮಾಡಿದ ಟ್ರ್ಯಾಕ್‌ಸೂಟಿನಲ್ಲಿ ಮನೆಗೆ ಬಂದರು.

"ಯಾರಪ್ಪಾ ನೀನು?" ಎಂದರು ದೊಡ್ಡಮ್ಮ.

"ವ್ಯಾಯಾಮದ ಮೇಷ್ಟ್ರು ಅಮ್ಮಾ. ನಿಮಗೆ ಕಲಿಸೋಕೆ ಬಂದೆ."

"ನನಗಾ? ತಲೆ ನೆಟ್ಟಗಿದೆಯಾ ನಿನಗೆ? ನಾನು ಎಂಬತ್ತು ದಾಟಿದವಳು!"

"ಹಾಗಾದ್ರೆ ತಡ ಮಾಡೋ ಹಾಗಿಲ್ಲ" ಎಂದು ಮೇಷ್ಟ್ರು ಟ್ರ್ಯಾಕ್‌ಸೂಟಿನ ತೋಳು ಮಡಚಿಕೊಂಡರು.

ಮುಂದೆ ನಡೆದದ್ದನ್ನು ನೋಡಿ ಗ್ರಂಥಪಾಲಕಿ ಕಕ್ಕಾಬಿಕ್ಕಿಯಾದರು. ವಯಸ್ಸಾದವರಿಗೆಂದು ಬೇರೆ ಕಸರತ್ತು ಇರುತ್ತದೆ ಎಂದು ಅವರು ಎಣಿಸಿದ್ದರು. ಇಲ್ಲ, ಅವೇ ನಾಲ್ಕು! ಕುರ್ಚಿಯ ಮೇಲೆ ದಿಂಬುಗಳನ್ನು ಪೇರಿಸಿ, ಆ ಎತ್ತರದಿಂದ ಒಂದಿಷ್ಟು ಮೇಲೆದ್ದು ಮತ್ತೆ ಕೂರುವುದು ದೊಡ್ಡಮ್ಮನ ಸ್ಕ್ವಾಟ್. ಕಾಲಬಳಿಯ ಸ್ಟೂಲಿನಿಂದ ನೀರಿನ ತಂಬಿಗೆಯನ್ನು ತೊಡೆಗೆ ತರುವುದು ಡೆಡ್‌ಲಿಫ್ಟ್. ಕುಳಿತು ಕೈಕೋಲನ್ನು ತಲೆಯ ಮೇಲೆತ್ತುವುದು ಪ್ರೆಸ್. ಮಲಗಿ ಎದೆಯಿಂದ ಮೇಲೆ ತಳ್ಳಲು ತಕ್ಕ ವಸ್ತು ಹುಡುಕುತ್ತಿದ್ದ ಮೇಷ್ಟ್ರು ಗ್ರಂಥಪಾಲಕಿಯ ಮೇಜಿನ ಮೇಲಿದ್ದ ದಪ್ಪ ನಿಘಂಟನ್ನೇ ದೊಡ್ಡಮ್ಮನ ಕೈಗಿಟ್ಟಾಗ, ಪುಸ್ತಕದ ಮೂಲೆ ಮಡಚಿದವರಿಗೂ ದಂಡ ಹಾಕುತ್ತಿದ್ದ ಆಕೆಯ ಎದೆ ಧಸಕ್ಕೆಂದಿತು.

ಕೆಲವು ದಿನಕ್ಕೇ ದೊಡ್ಡಮ್ಮನಿಗೆ ರೋಸಿಹೋಯಿತು. ಒಂದು ಬೆಳಗ್ಗೆ ತೊಡೆ ನಡುಗಿ ಏಳಲಾಗದೆ ಅತ್ತುಬಿಟ್ಟರು. "ಹೋಗಯ್ಯಾ, ನಾಳೆಯಿಂದ ಈ ಕಡೆ ತಲೆ ಹಾಕ್ಬೇಡ!" ಎಂದು ಗದರಿದರು. ಮರುದಿನ ಮೇಷ್ಟ್ರು ಅದೇ ಹೊತ್ತಿಗೆ ಬಂದು, ಬಾಗಿಲಲ್ಲೇ ಎದೆಯುಬ್ಬಿಸಿ ನಿಂತು, "ಇವತ್ತಿಂದ ಹೊಸ ರೊಟೀನ್!" ಎಂದು ಸಾರಿದರು. ಒಂದೇ ಸಲಕ್ಕೆ ದಣಿಯುವ ಬದಲು, ನೀರು ಕುಡಿಯುವ ಮೊದಲೊಮ್ಮೆ, ಕಾಫಿಗೆ ಮೊದಲೊಮ್ಮೆ, ಊಟಕ್ಕೆ ಮೊದಲೊಮ್ಮೆ ಏಳುವುದು. ದೊಡ್ಡಮ್ಮ ಸಂಶಯದಿಂದ ನೋಡಿದರು. "ಇದು ಹೊಸದಾ?" "ಹೊಚ್ಚಹೊಸದು ಅಮ್ಮಾ!" ಅದೂ ಹಳತಾದಾಗ, ಒಂದು ದಿಂಬು ಕಡಿಮೆ ಮಾಡಿ ನಿಧಾನವಾಗಿ ಏಳುವ ಮತ್ತೊಂದು ರೊಟೀನ್ ಬಂತು. ಇತ್ತ ಗ್ರಂಥಪಾಲಕಿಗೂ ಹೊಸ ಪಾಠವಾಯಿತು. ಮೇಲಿಂದ ಎಳೆಯುವುದನ್ನು ಬಿಟ್ಟು, ಎದುರು ಕುಳಿತು, ಮುಂದೋಳಿನ ಆಸರೆ ಕೊಟ್ಟು ದೊಡ್ಡಮ್ಮನ ಜೊತೆಗೇ ಏಳುವುದು. ಅದಕ್ಕೆ ಬೇಕಾದದ್ದು ಹೆಗಲ ಮೇಲೆ ಬಾರು ಹೊತ್ತು ಕಲಿತ ಅದೇ ಬಸ್ಕಿ. ದಿಂಬುಗಳು ಒಂದೊಂದಾಗಿ ಕುರ್ಚಿಯಿಂದ ಹಾಸಿಗೆಗೆ ಮರಳಿದವು. ದೊಡ್ಡಮ್ಮನ ಊಟವೂ ಮೊದಲಿನಂತಾಯಿತು. ಆದರೂ ಪೂರ್ತಿ ನೆಟ್ಟಗೆ ನಿಲ್ಲುವುದು ಮಾತ್ರ ಒಂದು ಸಲವೂ ಆಗಿರಲಿಲ್ಲ, ಅಷ್ಟರಲ್ಲೇ ತಿಂಗಳ ಕೊನೆ ಬಂದಿತು.

ಅಣ್ಣ ಮಾತಿನಂತೆ ಕಾರು ತಂದರು. ದೊಡ್ಡಮ್ಮನ ಬಟ್ಟೆಗಳನ್ನು ಚೀಲಕ್ಕೆ ತುಂಬುವಾಗ ಅವರ ಮುಖವೂ ಬಾಡಿತ್ತು. ಅವರೇನು ಕಟುಕರಲ್ಲ, ಇನ್ನೊಮ್ಮೆ ಬಿದ್ದರೆ ಗತಿಯೇನು ಎಂಬ ಭಯ ಅವರನ್ನು ಹಾಗೆ ಮಾಡಿಸಿತ್ತು. ಚೀಲದ ಬಾಯಿ ಕಟ್ಟಿ, ಎತ್ತಿಕೊಳ್ಳಲೆಂದು ಬಗ್ಗಿ ಕುರ್ಚಿಯಲ್ಲಿದ್ದ ದೊಡ್ಡಮ್ಮನ ಬೆನ್ನ ಹಿಂದೆ ಕೈಹಾಕಿದರು.

"ಕೈ ತೆಗಿ" ಎಂದರು ದೊಡ್ಡಮ್ಮ.

ಅಣ್ಣ ಬೆಚ್ಚಿ ಹಿಂದೆ ಸರಿದರು. ಗ್ರಂಥಪಾಲಕಿ ಎದುರು ಬಂದು ಮುಂದೋಳು ಚಾಚಿದರು. ಬಾಗಿಲ ಬಳಿ ಮೇಷ್ಟ್ರು, ಎಲ್ಲಿ ಓಡಿಹೋಗಿ ಹಿಡಿದುಬಿಡುತ್ತೇನೋ ಎಂದು ತಮ್ಮ ಎರಡೂ ಕೈಗಳನ್ನು ಬೆನ್ನ ಹಿಂದೆ ಬಿಗಿಯಾಗಿ ಕಟ್ಟಿಕೊಂಡು ನಿಂತಿದ್ದರು. ದೊಡ್ಡಮ್ಮ ಪಾದಗಳನ್ನು ಹಿಂದಕ್ಕೆಳೆದುಕೊಂಡು, ಮುಂದಕ್ಕೆ ಬಾಗಿ, ಉಸಿರು ಹಿಡಿದು ಎದ್ದರು. ಅರ್ಧದಲ್ಲಿ ತೊಡೆ ಥರಥರ ನಡುಗಿತು. ಯಾರೂ ಮುಟ್ಟಲಿಲ್ಲ. ನಡುಗುತ್ತಲೇ ಇನ್ನರ್ಧವನ್ನೂ ಎದ್ದರು. ಎದ್ದು ನಿಂತರು. ಚಾಚಿದ್ದ ತೋಳುಗಳ ಮೇಲೆ ಅವರ ಬೆರಳ ಭಾರ ಬಿಟ್ಟು ಬೇರೇನೂ ಇರಲಿಲ್ಲವೆಂದು ಗ್ರಂಥಪಾಲಕಿ ಇಂದಿಗೂ ಹೇಳುತ್ತಾರೆ.

ಅಣ್ಣ ಧೊಪ್ಪನೆ ಮಂಚದ ಮೇಲೆ ಕುಳಿತುಬಿಟ್ಟರು. ಎಷ್ಟೋ ತಿಂಗಳಿನಿಂದ ತಗ್ಗಿಯೇ ನೋಡಬೇಕಾಗಿದ್ದ ಮುಖವನ್ನು ಈಗ ತಲೆಯೆತ್ತಿ ನೋಡಬೇಕಾಗಿತ್ತು.

"ನನ್ನನ್ನ ಎಲ್ಲಿಗಾದ್ರೂ ಕರ್ಕೊಂಡು ಹೋಗೋದಿದ್ರೆ ಮೊದಲು ನನ್ನನ್ನ ಕೇಳು, ಮಗಾ" ಎಂದರು ದೊಡ್ಡಮ್ಮ. "ನಾನು ಬರಲ್ಲ."

ಅಣ್ಣ ಎದ್ದು, ಚೀಲ ಬಿಚ್ಚಿ, ಬಟ್ಟೆಗಳನ್ನು ಒಂದೊಂದಾಗಿ ಮತ್ತೆ ಬೀರುವಿನಲ್ಲಿ ಜೋಡಿಸತೊಡಗಿದರು. ಆಗ ಬಾಗಿಲ ಬಳಿಯಿಂದ ಮೇಷ್ಟ್ರ ದನಿ ಕೇಳಿತು: "ಭೇಷ್ ಅಮ್ಮಾ. ಈಗ ಕೂತ್ಕೊಳ್ಳಿ. ಇನ್ನೊಂದು ಸಲ."

ಇಂಥವರು ನಮ್ಮ ಮೇಷ್ಟ್ರು. ಅವರಿಗೆ ಅರವತ್ತಾಯಿತು, ನಿವೃತ್ತರಾಗುತ್ತಿದ್ದಾರೆ ಎಂಬ ಸುದ್ದಿ ನಮ್ಮನ್ನೆಲ್ಲ ಕಂಗೆಡಿಸಿದೆ. ದೊಡ್ಡಮ್ಮನಂತೂ ನಂಬಲೇ ಇಲ್ಲ. ಸಂಪುಟಕ್ಕಾಗಿ ನಾಲ್ಕು ಮಾತು ಕೇಳಲು ಹೋದ ನಮ್ಮನ್ನು ಕುರ್ಚಿಯಿಂದ ಎದ್ದು ನಿಂತೇ ವಿಚಾರಿಸಿಕೊಂಡರು. "ಅರವತ್ತಕ್ಕಾ? ಅದೇನ್ ವಯಸ್ಸಾಯ್ತಾ ಅವನಿಗೆ? ಕೂತ್ಕೊಂಡು ಏನ್ ಮಾಡ್ತಾನಂತೆ?" ಮೇಷ್ಟ್ರ ಆಯುರಾರೋಗ್ಯಕ್ಕೆ, ಅವರ ಮಂಡಿಗಳ ಕ್ಷೇಮಕ್ಕೆ ನಾವೆಲ್ಲ ಮನಸಾರೆ ಹಾರೈಸುತ್ತೇವೆ. ವಿಶ್ರಾಂತಿಯನ್ನು ಮಾತ್ರ ಹಾರೈಸುವ ಧೈರ್ಯ ನಮಗಿಲ್ಲ. ಸನ್ಮಾನದ ಮರುದಿನ ಬೆಳಗ್ಗೆ ಬರಲೇಬೇಕೆಂದು ದೊಡ್ಡಮ್ಮ ಅವರಿಗೆ ಹೇಳಿ ಕಳಿಸಿದ್ದಾರೆ. ಈ ಸಲ ಆಕೆ ಬಾಗಿಲ ಹೊರಗಿನ ಮೆಟ್ಟಿಲು ಇಳಿಯಬೇಕಂತೆ.